ಲಿವಾ ದಾರಿಯ ಸಾಹೇಬರು

ಸಾಹೇಬರ ಎಡಗೈ ಬಲಗೈಗಿಂತ ಎರಡು ಪಟ್ಟು ಕಪ್ಪಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಸುಟ್ಟ ಬಣ್ಣ, ಅಲ್ಲಲ್ಲಿ ಕಂದು ಮಚ್ಚೆ. ಬಲಗೈ ಬೇರೆ ಯಾರದೋ ಎಂಬಂತೆ ಗೋಧಿ ಬಣ್ಣ. ಈ ದೇಶದಲ್ಲಿ ಸ್ಟಿಯರಿಂಗ್ ಎಡಕ್ಕಿರುತ್ತದೆ. ಮೂವತ್ತು ವರ್ಷ ಕಿಟಕಿಯ ಮೇಲೆ ಕೈ ಇಟ್ಟು ಮರಳುಗಾಡಿನಲ್ಲಿ ಗಾಡಿ ಓಡಿಸಿದರೆ ಹೀಗಾಗುತ್ತದೆ ಎಂದು ಅವರೇ ನನ್ನ ಮಗಳಿಗೆ ವಿವರಿಸಿದರು. ಅವಳು ಇಂಗ್ಲಿಷಿನಲ್ಲಿ ಕೇಳಿದ್ದಳು, ಅವರು ಕನ್ನಡದಲ್ಲಿ ಉತ್ತರಿಸಿದರು. ಮೂರು ದಿನವೂ ಇಬ್ಬರ ಮಾತು ಹಾಗೆಯೇ ನಡೆಯಿತು, ಯಾರಿಗೂ ತೊಂದರೆಯಾಗಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ನಮ್ಮ ಅತ್ತೆ ಮೈಸೂರಿನಿಂದ ದುಬೈಯ ಅಲ್ ಬರ್ಷಾದ ನಮ್ಮ ಮನೆಗೆ ಬಂದಿದ್ದರು. ಮಾಲ್‌ಗಳನ್ನು ನೋಡಿ ನೋಡಿ ಸಾಕಾಗಿ ಒಂದು ಬೆಳಿಗ್ಗೆ, "ಇಲ್ಲಿ ಮರಳುಗಾಡು ಅಂತ ಇದೆಯಂತಲ್ಲಮ್ಮ, ಅದನ್ನ ಯಾವಾಗ ತೋರಿಸ್ತೀರಿ?" ಎಂದರು. ನನ್ನ ಗಂಡ ಒಂದು ಪ್ರವಾಸ ಕಂಪನಿಗೆ ಹೇಳಿ ಮೂರು ದಿನಕ್ಕೆ ಕಾರು, ಡ್ರೈವರ್ ಗೊತ್ತುಮಾಡಿದರು. ಮೊದಲ ದಿನ ಅಲ್ ಐನ್, ಎರಡನೆಯ ದಿನ ಲಿವಾದ ಮರಳ ಗುಡ್ಡಗಳು, ಮೂರನೆಯ ದಿನ ಅಬುಧಾಬಿ ನೋಡಿಕೊಂಡು ಮನೆ. ಬಂದ ಡ್ರೈವರ್ ಭಟ್ಕಳದವರು. ಅರವತ್ತು ದಾಟಿದ, ಬಿಳಿ ಗಡ್ಡದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ನಮ್ಮ ಮೈಸೂರಿನ ಬೀದಿಯ ಅಭ್ಯಾಸದಂತೆ ಅತ್ತೆ ಅವರನ್ನು ಸಾಹೇಬರೇ ಎಂದರು. ನಮಗೆಲ್ಲ ಅವರ ಹೆಸರು ಅದೇ ಆಯಿತು. ಅವರು ಅತ್ತೆಯನ್ನು ಅಮ್ಮ ಎಂದರು, ನನ್ನನ್ನು ಮೊದಲು ಮೇಡಂ, ಮಧ್ಯಾಹ್ನದ ಹೊತ್ತಿಗೆ ತಂಗಿ.

ಕಾರಿನಲ್ಲಿ ಅವರು ಹಾಡು ಹಾಕುತ್ತಿರಲಿಲ್ಲ. ಗಾಡಿಯ ಸದ್ದು ಕೇಳಿಸದಿದ್ದರೆ ಅದಕ್ಕೆ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ನಮಾಜಿನ ಹೊತ್ತಾದಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, "ಹತ್ತು ನಿಮಿಷ ಆಗಬಹುದಾ ಅಮ್ಮ?" ಎಂದು ಅತ್ತೆಯನ್ನು ಕೇಳಿಯೇ ಹೋಗುತ್ತಿದ್ದರು. ಒಂಬತ್ತನೆಯ ನಿಮಿಷಕ್ಕೆ ಮುಖ ಒರೆಸಿಕೊಳ್ಳುತ್ತ ವಾಪಸ್. ಅತ್ತೆಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತದೆಂದು ತಿಳಿದ ಮೇಲೆ ಅವರನ್ನು ಮುಂದಿನ ಸೀಟಿಗೆ ಕರೆದು ಕೈಗೊಂದು ನಿಂಬೆಹಣ್ಣು ಕೊಟ್ಟರು. ಜೆಬೆಲ್ ಹಫೀತ್ ಬೆಟ್ಟದ ತಿರುವುಗಳಲ್ಲಿ ಎಷ್ಟು ನಿಧಾನವಾಗಿ ಓಡಿಸಿದರೆಂದರೆ, ಹಿಂದಿನ ಕಾರುಗಳೆಲ್ಲ ಹಾರ್ನ್ ಹಾಕಿದವು. ಸಾಹೇಬರು ಕನ್ನಡಿ ಕೂಡ ನೋಡಲಿಲ್ಲ. ಮೇಲೆ ತಣ್ಣನೆಯ ಗಾಳಿಯಲ್ಲಿ ಶಾಲು ಹೊದ್ದು ನಿಂತ ಅತ್ತೆ, "ಒಂದು ಸಲಾನೂ ವಾಂತಿ ಆಗಲಿಲ್ಲ ನೋಡು" ಎಂದು ನನ್ನ ಗಂಡನಿಗೆ ಹೆಮ್ಮೆಯಿಂದ ಹೇಳಿದರು.

ಎರಡನೆಯ ದಿನ ಲಿವಾ ಕಡೆ ಹೊರಟೆವು. ಸೂರ್ಯ ಮುಳುಗುವ ಮೊದಲು ದೊಡ್ಡ ಮರಳ ಗುಡ್ಡದ ಬುಡ ಸೇರಬೇಕಿತ್ತು. ಮಗಳು ಆ ಗುಡ್ಡದ ಚಿತ್ರಗಳನ್ನು ವಾರದಿಂದ ಫೋನಿನಲ್ಲಿ ನೋಡುತ್ತಿದ್ದಳು. ಮಧ್ಯಾಹ್ನ ಮೂರರ ಮೇಲೆ ರಸ್ತೆ ಪೂರ್ತಿ ಖಾಲಿಯಾಯಿತು. ಎರಡೂ ಕಡೆ ಕೆಂಪು ಮರಳು, ನಡುವೆ ಡಾಂಬರಿನ ಒಂದು ಗೆರೆ. ಅಲ್ಲೊಬ್ಬ ಮನುಷ್ಯ ರಸ್ತೆ ಬದಿಯಲ್ಲಿ ನಿಂತು ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಬೀಸುತ್ತಿದ್ದ. ಸಾಹೇಬರು ಬ್ರೇಕ್ ಹಾಕಿದರು.

ಆತ ಒಂಟೆ ಕಾಯುವವನು. ಉರ್ದುವಿನಲ್ಲಿ ಏನೇನೋ ಒಂದೇ ಉಸಿರಿಗೆ ಹೇಳಿದ. ಸಾಹೇಬರು ನಮ್ಮ ಕಡೆ ತಿರುಗಿದರು.

"ಇವನ ಜೊತೆಯವ ಒಳಗೆ ಒಂಟೆ ದೊಡ್ಡಿಯಲ್ಲಿ ಮಲಗಿದ್ದಾನಂತೆ. ಬೆಳಿಗ್ಗೆಯಿಂದ ಮಾತಿಲ್ಲ. ಫೋನಲ್ಲಿ ಚಾರ್ಜ್ ಇಲ್ಲ. ಮೂರು ಗಾಡಿ ನಿಲ್ಲಿಸದೆ ಹೋದವಂತೆ."

"ಆಂಬುಲೆನ್ಸಿಗೆ ಫೋನ್ ಮಾಡಿ ಹೇಳೋಣ, ಬಂದು ಕರ್ಕೊಂಡು ಹೋಗ್ತಾರೆ" ಎಂದರು ನನ್ನ ಗಂಡ.

"ಮಾಡುವಾ ಸಾರ್, ಈಗಲೇ ಮಾಡ್ತೇನೆ. ಆದ್ರೆ ಮರಳಿನೊಳಗೆ ಅವರಿಗೆ ದಾರಿ ತೋರಿಸೂದು ಯಾರು? ನಾವು ಅವನನ್ನು ರಸ್ತೆಗೆ ತಂದು ಎದುರಿಗೆ ಹೋದ್ರೆ ಅರ್ಧ ಹೊತ್ತು ಉಳೀತದೆ."

ಆಗ ಮಾತಾಡಿದವಳು ನಾನು. "ಸಾಹೇಬ್ರೇ, ಕಾರಲ್ಲಿ ಮಗು ಇದೆ. ಏನು ಕಾಯಿಲೆಯೋ ಏನೋ. ಫೋನ್ ಮಾಡಿ ಮುಂದೆ ಹೋಗೋಣ" ಎಂದೆ. ನನ್ನ ದನಿ ಹೇಗಿತ್ತು ಎಂಬುದು ಇವತ್ತಿಗೂ ನೆನಪಿದೆ. ಆಫೀಸಿನಲ್ಲಿ ಮೀಟಿಂಗ್ ಮುಗಿಸುವಾಗ ಬಳಸುವ ದನಿ ಅದು.

ಸಾಹೇಬರು ನನ್ನನ್ನು ಒಂದು ಗಳಿಗೆ ನೋಡಿದರು. ಸಿಟ್ಟು ಮಾಡಲಿಲ್ಲ, ವಾದಿಸಲಿಲ್ಲ. "ತಪ್ಪು ನನ್ನದೇ ಇರಲಿ ತಂಗಿ" ಎಂದರು. ಕೆಳಗಿಳಿದು, ಮರಳಲ್ಲಿ ಹೂತುಹೋಗದ ಹಾಗೆ ನಾಲ್ಕೂ ಚಕ್ರಗಳ ಗಾಳಿ ಸ್ವಲ್ಪ ಸ್ವಲ್ಪ ಬಿಟ್ಟರು. ಆ ಮನುಷ್ಯನನ್ನು ನಮ್ಮ ಪಕ್ಕಕ್ಕೆ ಹತ್ತಿಸಿಕೊಂಡು, ಫೋನಿನಲ್ಲಿ ಅರಬ್ಬಿಯಲ್ಲಿ ಜಾಗ ಹೇಳುತ್ತ ಮರಳಿನೊಳಗೆ ಗಾಡಿ ತಿರುಗಿಸಿದರು.

ತಗಡಿನ ಗುಡಿಸಲಿನೊಳಗೆ ಕಂಬಳಿಯ ಮೇಲೆ ಒಬ್ಬ ಮುದುಕ ಮಲಗಿದ್ದ. ತುಟಿ ಒಡೆದಿತ್ತು, ಕಣ್ಣು ಅರ್ಧ ತೆರೆದಿತ್ತು. ಸಾಹೇಬರೂ ಆ ಇನ್ನೊಬ್ಬನೂ ಅವನನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅತ್ತೆ ಯಾರೂ ಹೇಳದೆ ಮುಂದಿನ ಸೀಟಿನಿಂದ ಇಳಿದು, ಸೀಟನ್ನು ಹಿಂದಕ್ಕೆ ಒರಗಿಸಿದ್ದರು. ಹಿಂದೆ ನಮ್ಮ ನಡುವೆ ತೂರಿಕೊಂಡು ಕೂತರು. ತಮ್ಮ ಶಾಲನ್ನು ಅವನ ಮೇಲೆ ಹೊದಿಸಿದರು. ಇನ್ನೊಬ್ಬ ಒಂಟೆಗಳನ್ನು ಬಿಟ್ಟು ಬರುವಂತಿರಲಿಲ್ಲ. ಅಲ್ಲೇ ನಿಂತು ನಾವು ಹೋಗುವುದನ್ನು ನೋಡುತ್ತಿದ್ದ.

ಆಂಬುಲೆನ್ಸ್ ನಮಗೆ ಒಂದು ಪೆಟ್ರೋಲ್ ಬಂಕಿನ ಹತ್ತಿರ ಎದುರಾಯಿತು. ಅವನನ್ನು ಅವರಿಗೆ ಒಪ್ಪಿಸಿ, ಕಾಗದಕ್ಕೆ ಸಹಿ ಹಾಕಿ ಹೊರಡುವಾಗ ಆಗಲೇ ಮಬ್ಬು. ಮಗಳು ಅಳತೊಡಗಿದಳು. ಮಾರನೆಯ ದಿನ ಮರಳು ಗಾಳಿ ಎದ್ದು, ಗುಡ್ಡದ ಕಡೆ ಹೋಗುವ ಹಾಗೆಯೇ ಇರಲಿಲ್ಲ. ಅಬುಧಾಬಿಯ ಬಿಳಿ ಮಸೀದಿಯ ಅಂಗಳದಲ್ಲಿ ನಾವು ಫೋಟೋ ತೆಗೆದುಕೊಂಡೆವು, ಯಾರ ಮುಖದಲ್ಲೂ ಗೆಲುವಿಲ್ಲ. ಮನೆ ಮುಂದೆ ಇಳಿಸುವಾಗ ಸಾಹೇಬರು, "ಮಗು, ನಿನ್ನ ಗುಡ್ಡ ತೋರಿಸ್ಲಿಕ್ಕೆ ಆಗ್ಲಿಲ್ಲ, ಬೇಜಾರು ಮಾಡಬೇಡ" ಎಂದರು. ಮಗಳು ತಲೆಯೆತ್ತಲಿಲ್ಲ. ನಾನು ಬ್ಯಾಗುಗಳನ್ನು ಎಣಿಸಿಕೊಂಡೆ.

ವಾರದೊಳಗೆ ಕಂಪನಿಯಿಂದ, ಪ್ರವಾಸ ಹೇಗಿತ್ತು ಎಂದು ಕೇಳುವ ಒಂದು ಮೇಲ್ ಬಂತು. "ನೀನೇ ಬರಿ, ನಿನ್ನ ಇಂಗ್ಲಿಷ್ ಚೆನ್ನಾಗಿದೆ" ಎಂದರು ಗಂಡ. ಬರೆದೆ. ಪ್ರಯಾಣಿಕರು ಬೇಡವೆಂದರೂ ಡ್ರೈವರು ರಸ್ತೆ ಬಿಟ್ಟು ಹೋದರು, ಚಿಕ್ಕ ಮಗುವಿದ್ದ ಕಾರಿನಲ್ಲಿ ಗೊತ್ತಿಲ್ಲದ ರೋಗಿಯನ್ನು ಕೂರಿಸಿದರು, ಮುಖ್ಯವಾದ ಜಾಗ ತಪ್ಪಿಹೋಯಿತು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಅತ್ತೆಗೆ ನಾವು ಇದನ್ನು ಹೇಳಲಿಲ್ಲ. ಊರಿಗೆ ಹೊರಡುವ ದಿನ ಅವರು, "ಆ ಸಾಹೇಬ್ರಿಗೆ ನಮಸ್ಕಾರ ಹೇಳಿ" ಎಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಹೇಳಿದರು.

ಮುಂದಿನ ಚಳಿಗಾಲಕ್ಕೆ ನನ್ನ ತಮ್ಮನ ಸಂಸಾರ ಬರುವುದಿತ್ತು. ಜೆಬೆಲ್ ಹಫೀತಿನ ತಿರುವುಗಳು ನೆನಪಾಗಿ, ಅದೇ ಕಂಪನಿಗೆ ಫೋನ್ ಮಾಡಿ ಅದೇ ಡ್ರೈವರ್ ಬೇಕೆಂದೆ. ಆ ಕಡೆಯ ಹುಡುಗಿ, "ಅವರು ಈಗ ಇಲ್ಲ ಮೇಡಂ. ಕಳೆದ ವರ್ಷ ಒಂದು ಕಂಪ್ಲೇಂಟ್ ಬಂದು ತೆಗೆದುಬಿಟ್ಟರು" ಎಂದಳು. ಯಾರ ಕಂಪ್ಲೇಂಟ್ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸಾಹೇಬರು ಪ್ರವಾಸದಲ್ಲಿ ಕೊಟ್ಟಿದ್ದ ನಂಬರು ನನ್ನ ಫೋನಿನಲ್ಲಿತ್ತು. ಕರೆ ಮಾಡಿದರೆ ಎತ್ತಿದರು. ಜೆಬೆಲ್ ಅಲಿಯಲ್ಲಿ ಕಾರ್ಮಿಕರ ಬಸ್ಸು ಓಡಿಸುತ್ತಿದ್ದಾರಂತೆ, ಭಾನುವಾರ ಮಧ್ಯಾಹ್ನ ಬಿಡುವಂತೆ. ಒಬ್ಬಳೇ ಹೋದೆ. ಕಾರ್ಮಿಕರ ಕ್ಯಾಂಪಿನ ಎದುರಿನ ಕೆಫೆಟೇರಿಯಾದ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ನಾನು ಬರುವುದನ್ನು ನೋಡಿ ಎದ್ದು ನಿಂತರು.

"ಸಾಹೇಬ್ರೇ, ಆ ಕಂಪ್ಲೇಂಟ್ ಬರೆದವಳು ನಾನೇ" ಎಂದೆ, ಕೂರುವ ಮೊದಲೇ.

"ಗೊತ್ತುಂಟು ತಂಗಿ. ಮ್ಯಾನೇಜರ್ ಓದಿ ಹೇಳಿದ್ರು. ಬರೆದದ್ದು ಭಾರಿ ಚಂದ ಉಂಟು ಅಂತ ಅವರೂ ಹೇಳಿದ್ರು." ನಗಿಸಲು ಹೇಳಿದ್ದೋ ಏನೋ, ನನಗೆ ಅಳು ಬಂತು. ಅವರು ಗಾಬರಿಯಾಗಿ ಒಳಗೆ ಹೋಗಿ ತಾವೇ ಎರಡು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ತಂದರು.

"ನಾವು ಬೇಡ ಅಂದ ಮೇಲೂ ಯಾಕೆ ಹೋದ್ರಿ? ಕೆಲಸ ಹೋಗಬಹುದು ಅಂತ ಗೊತ್ತಿರಲಿಲ್ವಾ?" ಎಂದು ಕೇಳಿದೆ.

ಲೋಟ ತಿರುಗಿಸುತ್ತ ಹೇಳಿದರು. ಈ ದೇಶಕ್ಕೆ ಬಂದ ಹೊಸತರಲ್ಲಿ ನೀರಿನ ಲಾರಿ ಓಡಿಸುತ್ತಿದ್ದಾಗ, ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬ ರಸ್ತೆ ಬದಿಯಲ್ಲಿ ಕೈ ಮಾಡಿದ್ದನಂತೆ. ತಡವಾದರೆ ಮಾಲೀಕ ಬೈಯುತ್ತಾನೆಂದು ಇವರು ನಿಲ್ಲಿಸಲಿಲ್ಲ. "ಐದು ಕಿಲೋಮೀಟರ್ ಹೋದೆ. ಮನಸ್ಸು ತಡೀಲಿಲ್ಲ. ತಿರುಗಿ ಬಂದೆ. ಅವ ಇರ್ಲಿಲ್ಲ. ಹಾರ್ನ್ ಹೊಡೆದೆ, ಕೂಗಿದೆ, ಮರಳಲ್ಲಿ ನಡೆದು ಹುಡುಕಿದೆ. ಬೇರೆ ಗಾಡಿ ಹತ್ತಿ ಹೋದನಾ, ಎಲ್ಲಾದ್ರೂ ಬಿದ್ದನಾ, ಇವತ್ತಿಗೂ ಗೊತ್ತಿಲ್ಲ. ಲಾರಿ ತುಂಬ ನೀರಿತ್ತು ತಂಗಿ." ಲೋಟ ಕೆಳಗಿಟ್ಟರು. ಆಮೇಲೆ, "ನಿಮ್ಮ ಮೇಲೆ ನಂಗೆ ಎಂತದ್ದೂ ಇಲ್ಲ. ನಂಗೂ ಆಗ ನಿಮ್ಮದೇ ವಯಸ್ಸು" ಎಂದರು.

ಲಿವಾದ ಮುದುಕ ಬದುಕಿದ್ದ. ಸಾಹೇಬರು ರಜೆಯಲ್ಲಿ ಎರಡು ಸಲ ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದರು. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿತ್ತಂತೆ, ಇನ್ನೊಂದು ರಾತ್ರಿ ಕಳೆದಿದ್ದರೆ ಉಳಿಯುತ್ತಿರಲಿಲ್ಲವಂತೆ. ಈಗ ಪೇಶಾವರದ ಕಡೆ ತನ್ನ ಹಳ್ಳಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾನೆ, ಈದ್ ದಿನ ಫೋನ್ ಮಾಡುತ್ತಾನೆ ಎಂದರು.

ನಾನು ಕಂಪನಿಗೆ ಇನ್ನೊಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ಆ ಜನವರಿಯಲ್ಲಿ ಒಂದು ಶನಿವಾರ, ನಮ್ಮದೇ ಕಾರಿನಲ್ಲಿ ಸಾಹೇಬರು ನಮ್ಮನ್ನು ಲಿವಾಕ್ಕೆ ಕರೆದುಕೊಂಡು ಹೋದರು. ಬೇಡವೆಂದರೂ ಅವರೇ ಓಡಿಸಿದರು. ನನ್ನ ಗಂಡ ಮುಂದಿನ ಸೀಟಿನಲ್ಲಿ ಕೂತಿದ್ದರು. ದಾರಿಯ ಅರ್ಧದಲ್ಲಿ, "ಸಾಹೇಬ್ರೇ, ಆ ದಿನ ನಾವು..." ಎಂದು ಶುರುಮಾಡಿದರು.

"ಖಲಾಸ್ ಸಾರ್. ಎಡಕ್ಕೆ ನೋಡಿ, ಅಲ್ಲಿಂದ ಮರಳಿನ ಬಣ್ಣ ಬೇರೆ ಆಗ್ತದೆ" ಎಂದರು ಸಾಹೇಬರು.

ಗುಡ್ಡದ ಬುಡದಲ್ಲಿ ಮಗಳು ಚಪ್ಪಲಿ ಬಿಚ್ಚಿ ಓಡಿದಳು. ಸಾಹೇಬರು ಕೆಳಗೆ ನಿಂತು, ಅವಳು ಜಾರಿದಾಗಲೆಲ್ಲ, "ಅಡ್ಡಕ್ಕೆ ಹತ್ತು ಮಗು, ನೇರ ಹತ್ತಬೇಡ" ಎಂದು ಕೂಗುತ್ತಿದ್ದರು. ಮರಳು ತಣ್ಣಗಿತ್ತು. ಸೂರ್ಯ ಮುಳುಗಿದ ಮೇಲೂ ತುಂಬ ಹೊತ್ತು ಯಾರಿಗೂ ಏಳುವ ಮನಸ್ಸಾಗಲಿಲ್ಲ.

ಆಮೇಲೆ ಎರಡು ವರ್ಷ ಅವರು ನಮ್ಮ ಮನೆಯವರಂತೆ ಬಂದು ಹೋಗುತ್ತಿದ್ದರು. ಕಳೆದ ಬೇಸಿಗೆಯಲ್ಲಿ, ಕೆಲಸಗಾರರನ್ನು ಗೋದಾಮಿನ ಮುಂದೆ ಇಳಿಸಿದ ಮೇಲೆ, ಬಸ್ಸಿನ ಸೀಟಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಆಂಬುಲೆನ್ಸ್ ಬೇಗ ಬಂತು, ಪ್ರಯೋಜನವಾಗಲಿಲ್ಲ. ಇಲ್ಲೇ ದುಬೈಯ ಮಣ್ಣಿನಲ್ಲಿ ದಫನ ಮಾಡಿದರು. ನನ್ನ ಗಂಡ ಹೋಗಿ ಹೆಗಲು ಕೊಟ್ಟು ಬಂದರು. ಅಂಗಿಯ ತೋಳಿನಲ್ಲಿದ್ದ ಮಣ್ಣನ್ನು ಕೊಡವದೆ ಬಹಳ ಹೊತ್ತು ಕೂತಿದ್ದರು.

ನಲವತ್ತು ದಿನ ಕಳೆದ ಮೇಲೆ ಭಟ್ಕಳಕ್ಕೆ ಫೋನ್ ಮಾಡಿದೆ. ಸಾಹೇಬರ ಹೆಂಡತಿ ಎತ್ತಿದರು. ಅವರ ಮನೆಮಾತು ನವಾಯತಿ, ನನಗಾಗಿ ತಡೆದು ತಡೆದು ಕನ್ನಡ ಆಡಿದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ದನಿ ಬದಲಾಯಿತು.

"ಮೈಸೂರಿನ ತಂಗಿ ನೀವೇ ಅಲ್ದಾ? ನಮ್ಮವರು ನಿಮ್ಮ ಸುದ್ದಿ ಎಷ್ಟು ಸಲ ಹೇಳ್ತಿದ್ರು! ಮರಳುಗಾಡಿನಲ್ಲಿ ಒಬ್ಬ ಸಾಯ್ತಾ ಬಿದ್ದಿದ್ದ, ನಂಗೆ ಕೆಲಸದ ಹೆದರಿಕೆ ಇತ್ತು, ಆ ತಂಗಿಯೇ 'ಗಾಡಿ ನಿಲ್ಲಿಸಿ ಸಾಹೇಬ್ರೇ' ಅಂತ ಹೇಳಿದ್ಲು ಅಂತ. ಮೊಮ್ಮಕ್ಕಳಿಗೆಲ್ಲ ಗೊತ್ತುಂಟು ಆ ಕತೆ. ಅಲ್ಲಾಹ್ ನಿಮ್ಮ ಮಗಳನ್ನ ಚಂದ ಇಡಲಿ ಅಮ್ಮಾ."

ಅಲ್ಲ, ನಾನು ಮುಂದೆ ಹೋಗೋಣ ಅಂದವಳು, ಎಂದು ಹೇಳಬೇಕಿತ್ತು. ಗಂಡನನ್ನು ಕಳೆದುಕೊಂಡ ಆ ತಾಯಿ ಆ ಕಡೆ ಕಾಯುತ್ತಿದ್ದರು. "ಹೂಂ ಅಮ್ಮ" ಎಂದೆ. ಅವರ ಮನೆಯಲ್ಲಿ ನಾನು ಇವತ್ತಿಗೂ ಅಂಥವಳಾಗಿಯೇ ಇದ್ದೇನೆ, ಸಾಹೇಬರು ನನ್ನನ್ನು ಮಾಡಿಟ್ಟುಹೋದ ಹಾಗೆ. ಆಗ ಹೇಳಲಾಗದ ಮಾತನ್ನು ಈಗ ಇಲ್ಲಿ ಬರೆದಿದ್ದೇನೆ.