ಹನ್ನೆರಡು ಮಗ್ಗ, ಆರು ಬಣ್ಣ

ಬನಹಟ್ಟಿಯ ನೇಕಾರರ ಸಂಘದ ಶೆಡ್ಡಿನಲ್ಲಿ ಎರಡನೇ ನಂಬರಿನ ಮಗ್ಗ ಕರೆವ್ವಂದು. ಇಪ್ಪತ್ತಾರು ವರ್ಷದಿಂದ ಕಾಲು ಇಳಿಬಿಟ್ಟು ಕೂಡುವ ಅದೇ ಕುಣಿ, ಅದೇ ಲಾಳಿ. ಕಲಿತದ್ದು ಮೂರನೇ ಇಯತ್ತೆ. ಆದರೆ ಕೆಂಪು ನೂಲಿನ ಎರಡು ಲಡಿ ಮುಂದಿಟ್ಟರೆ ಯಾವುದು ಹೋದ ವಾರದ ಬಣ್ಣ, ಯಾವುದು ಈ ವಾರದ್ದು ಅಂತ ನೋಡಿದ ಕೂಡಲೇ ಹೇಳುವಾಕಿ. ಹಂಗಿದ್ದೂ ಪ್ರತಿ ಲಡಿಗೆ ಚೀಟಿ ಕಟ್ಟದೆ ಬಿಡುತ್ತಿರಲಿಲ್ಲ. ‘ಸಂಜಿ ಬೆಳಕಿನ್ಯಾಗ ನನ್ನ ಕಣ್ಣ ನಾನ ನಂಬಂಗಿಲ್ಲ’ ಅನ್ನುತ್ತಿದ್ದಳು.

ಅಂಥವಳಿಗೆ ಆ ಸೋಮವಾರ ಕಾರ್ಯದರ್ಶಿ ಗಿರಿಮಲ್ಲಪ್ಪ ಗೋಡೆಗೆ ಒಂದು ಹಾಳೆ ಹಚ್ಚಿ ತೋರಿಸಿದ. ಆರು ತಿಂಗಳಲ್ಲಿ ಯಾವ ಮಗ್ಗದ ಸೀರೆಯಲ್ಲಿ ಎಷ್ಟು ತಪ್ಪು ಬಂದವು ಅಂತ ಕಂಪ್ಯೂಟರಿನಲ್ಲಿ ತೆಗೆದ ಗ್ರಾಫ್. ಹನ್ನೆರಡು ಮಗ್ಗಕ್ಕೆ ಹನ್ನೆರಡು ಗೆರೆ, ಬೆಕ್ಕು ಆಡಿದ ನೂಲಿನಂಗ ಸಿಕ್ಕುಸಿಕ್ಕು.

“ನೋಡು ಕರೆವ್ವ, ಈ ಕೇಸರಿ ಗೆರಿ ಹೆಂಗ ಏರೇತಿ. ಕೇಸರಿ ಅಂದ್ರ ಎರಡನೇ ಮಗ್ಗ, ಕೆಳಗ ಬರದೈತಿ. ನಿನಗ ವಯಸ್ಸಾತು. ಒಂದನೇ ತಾರೀಖಿನಿಂದ ನಿನ್ನ ಮಗ್ಗ ಬ್ಯಾರೆದವ್ರಿಗೆ. ನೀ ಉಳಿದವ್ರ ಲಾಳಿಗೆ ನೂಲಿನ ಕಂಡಕಿ ಸುತ್ತು.”

ಶೆಡ್ಡಿನ ಲಾಳಿಗಳೆಲ್ಲ ನಿಂತವು. ಕರೆವ್ವನ ಮೈ ಉರಿಯಿತು.

“ನನ್ನ ಸೀರಿ ವಾಪಸ್ ಬಂದದ್ದು ಯಾವಾಗರಿ? ಒಂದರ ತೋರಸ್ರಿ!”

“ಮಷೀನ್ ಸುಳ್ಳು ಹೇಳ್ತೈತೇನು?”

“ಮಷೀನ್ ಏನೂ ಹೇಳಿಲ್ಲರಿ. ಹೇಳಾಕತ್ತವರು ನೀವು.”

ಅವಳು ಹಾಳೆಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. ಗೆರೆ ಹನ್ನೆರಡು, ಬಣ್ಣ ಆರೇ. ಏರಿದ ಕೇಸರಿಯ ಕೆಳಗೆ ಇನ್ನೊಂದು ಕೇಸರಿ ಸುಮ್ಮನೆ ಮಲಗಿತ್ತು.

“ಇಲ್ಲಿ ಎರಡು ಕೇಸರಿ ಅದಾವಲ್ರಿ. ನಂದು ಯಾವುದು?”

“ನಿನಗ ಒಂದು ಎರಡಾಗಿ ಕಾಣಾಕತ್ತೈತಿ. ಚಾಳೀಸು ಬದಲಿ ಮಾಡಸು,” ಅಂದ ಗಿರಿಮಲ್ಲಪ್ಪ. ನೇಕಾರರಲ್ಲಿ ಇಬ್ಬರು ಕಿಸಕ್ಕನೆ ನಕ್ಕರು.

ಕರೆವ್ವ ಹಾಳೆಯನ್ನ ಗೋಡೆಯಿಂದ ಕಿತ್ತುಕೊಂಡು ನೆಟ್ಟಗೆ ಆಫೀಸಿಗೆ ನಡೆದಳು. ಕಂಪ್ಯೂಟರಿನ ಮುಂದೆ ಕೂಡುವ ಹುಡುಗಿ ಅಕ್ಷತಾ ಹಾಳೆ ನೋಡಿ ಮುಖ ಸಣ್ಣದು ಮಾಡಿದಳು.

“ಆಯಿ, ಸರ್ ಐದ ನಿಮಿಷದಾಗ ಬೇಕಂದ್ರು. ನಾ ಬಣ್ಣ ಮುಟ್ಟೇ ಇಲ್ಲ. ಕಂಪ್ಯೂಟರ್ ಆರು ಬಣ್ಣ ಕೊಡ್ತೈತಿ, ಏಳನೇದರಿಂದ ಅವನ್ನ ಒಂದೀಟು ಕಪ್ಪ ಮಾಡಿ ಮತ್ತ ಕೊಡ್ತೈತಿ. ಪ್ರಿಂಟರಿನ್ಯಾಗ ಶಾಯಿ ಬ್ಯಾರೆ ಕಡಿಮಿ. ಎರಡನೇದು, ಎಂಟನೇದು ಒಂದ ಥರ ಬಂದಾವ.”

“ಶಾಯಿ ಕಡಿಮಿ ಅಂತ ನನ್ನ ಮಗ್ಗ ಕಸಗೋತೀರಿ?” ಕರೆವ್ವ ಕುರ್ಚಿ ಎಳೆದು ಕೂತಳು. “ಗೆರಿ ತುದಿಗೆ ಚೀಟಿ ಕಟ್ಟಾಕ ಬರ್ತೈತೇನು?”

“ಹೆಸರು ಬರೀಬೇಕೇನು? ಬರ್ತೈತಿ.”

“ಎಲ್ಲಾಕ್ಕೂ ಕಟ್ಟು. ಗೆರಿ ಎಲ್ಲಾ ಬೂದಿ ಬಣ್ಣ ಮಾಡು, ತೆಳ್ಳಗ. ಸೀರಿ ಮೈ ಒಂದ ಬಣ್ಣ ಇದ್ದರ ದಡಿ ಎದ್ದು ಕಾಣ್ತೈತಿ. ಏರಿದ್ದು ಒಂದ ಕೆಂಪ, ದಪ್ಪಗ.”

ಅಕ್ಷತಾ ಒಂದೊಂದೇ ಗೆರೆ ಹಿಡಿದು ಬಣ್ಣ ಬದಲಿಸಿದಳು, ದಪ್ಪ ಇಳಿಸಿದಳು, ಕೊನೆಯ ಚುಕ್ಕಿಯ ಪಕ್ಕ ಮಗ್ಗದ ನಂಬರು ಹಾಕಿದಳು. ಕೆಳಗಿನ ಬಣ್ಣದ ಪಟ್ಟಿ ಅಳಿಸಿದಳು. ಕೆಂಪು ಗೆರೆಯ ತುದಿಗೆ ಎಂಟು ಅಂತ ಬಂತು. ಎರಡನೇ ನಂಬರು ತಳದಲ್ಲಿ, ಬೂದಿಯೊಳಗೆ.

ಎಂಟು ರಾಮಣ್ಣನ ಮಗ್ಗ. ಕರೆವ್ವನ ಹಿಂದೆಯೇ ಬಂದ ಅವನು ಆಫೀಸಿನ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ. ಕರೆವ್ವನ ನಾಲಿಗೆ ಅವನ ಮೇಲೆ ಹೊರಳುವುದರಲ್ಲಿತ್ತು, ಆದರೆ ಬೆರಳು ಗೆರೆ ಏಳುವ ಜಾಗದಲ್ಲಿ ನಿಂತಿತು.

“ಇದು ಯಾವ ತಿಂಗಳು?”

“ಜೂನ್.”

“ಜೂನಿನಾಗ ಹಣಿಗಿ ಹಲ್ಲು ಮುರದ್ವು ಬೇ,” ಅಂದ ರಾಮಣ್ಣ. ಹಣಿಗೆ ಅಂದರೆ ಎಳೆಗಳನ್ನ ಬಾಚಣಿಕೆಯಂಗ ಹಿಡಿದು ಒತ್ತುವಂಥದ್ದು. ಅದರ ಹಲ್ಲು ಹೋದರೆ ಸೀರೆಯಲ್ಲಿ ಸಂದು ಬೀಳದೆ ಇರದು. “ಮೂರು ಸಲ ಅರ್ಜಿ ಕೊಟ್ಟೀನಿ.”

“ಯಾರಿಗೆ?”

ರಾಮಣ್ಣ ಹಿಂದೆ ಬಂದು ನಿಂತಿದ್ದ ಗಿರಿಮಲ್ಲಪ್ಪನ ಕಡೆ ನೋಡಿದ.

“ಅದನ್ನೂ ಬರಿ ಮಗಳ,” ಅಂದಳು ಕರೆವ್ವ. “ಗೆರಿ ಏಳೋ ಜಾಗದಾಗ. ಹಣಿಗಿ ಕೇಳಿದ್ದು, ಕೊಟ್ಟಿಲ್ಲ ಅಂತ.”

ಅಕ್ಷತಾ ಒಂದು ಗಳಿಗೆ ಅಂಜಿದಳು. ಆಮೇಲೆ ಟೈಪ್ ಮಾಡಿದಳು.

ಹೊಸ ಹಾಳೆಯನ್ನ ಕರೆವ್ವ ತಾನೇ ಹಚ್ಚಿದಳು. ಗಿರಿಮಲ್ಲಪ್ಪ ಅದನ್ನ ಓದಿ ಮುಖ ತಿರುವಿದ. “ಆತು ಬಿಡು, ನಿನ್ನ ಮಗ್ಗ ನಿನಗ.”

“ನನ್ನ ಮಗ್ಗ ನಂದ ಇತ್ತರಿ. ಕೊಡೋದು ರಾಮಣ್ಣಗ ಹಣಿಗಿ.”

ತಪ್ಪಾತು ಅನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಕರೆವ್ವ ಕುಣಿಗೆ ಇಳಿದು ಲಾಳಿ ಹೊಡೆದಳು. ಸಿಟ್ಟಿನ ಕೈಗೆ ಎಳೆ ಹರಿಯಿತು. ತಪ್ಪು ಎಣಿಸುವ ಗೋಡೆಯ ಹಾಳೆಯ ಕಡೆ ಒಮ್ಮೆ ನೋಡಿ, ಸಿಟ್ಟಿನಲ್ಲಿ ನೇಯ್ದಷ್ಟನ್ನ ಬಿಚ್ಚಿ, ಗಂಟು ಹಾಕಿ, ಮತ್ತೆ ನೇಯತೊಡಗಿದಳು.