ಗಾಳಿಗೆ ಬೆನ್ನು ಕೊಡುವ ಟೋಪಿ

ಆಷಾಢ ಹಿಡಿದು ಎಂಟು ದಿನವಾಗಿತ್ತು. ಚಿಕ್ಕನಾಯಕನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ದುರ್ಗಯ್ಯನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ ಶೆಟ್ಟಿಕೆರೆಯ ಆಳು ಆಂಜನಪ್ಪ ಒಳಗೆ ಬರಲಿಲ್ಲ. ದುರ್ಗಯ್ಯನ ಕೈಯಲ್ಲಿ ಸುತ್ತಿಗೆ ಇರುವುದನ್ನು ನೋಡಿ ಹೊರಗೇ ನಿಂತು ಹೇಳಿದ.

“ಶೆಟ್ಟಿಕೆರೆ ಮರುಳಸಿದ್ದಯ್ನೋರು ಹೇಳಿ ಕಳ್ಸವ್ರೆ ಕಣಣ್ಣ. ಮಧ್ಯಾನದೊಳಗೆ ಬಂದು ಒಲೆ ಪೈಪಿನ ಮ್ಯಾಲಿನ ನಿನ್ ಟೋಪಿ ಕಿತ್ಕೊಂಡು ಹೋಗ್ಬೇಕಂತೆ. ಇಲ್ದಿದ್ರೆ ಕಲ್ಲಲ್ಲಿ ಹೊಡ್ದು ಕೆಡವ್ತಾರಂತೆ.”

“ಯಾಕಂತೆ? ನನ್ ಟೋಪಿ ಅವರಪ್ಪನ ಗಂಟು ತಿಂತಾ?”

“ಹೊಗೆ ಎಳೀತಿಲ್ವಂತೆ. ಮೂರು ದಿನದಿಂದ ಅಡುಗೆಮನೆ ತುಂಬಾ ಹೊಗೆ. ಸೊಸೆ ಸರ್ವಮಂಗಳಮ್ಮಂಗೆ ಉಬ್ಬಸ ಹೆಚ್ಚಾಗೈತೆ. ಇನ್ನೊಂದು ಸಲ ಹೊಗೆ ಕುಡಿದ್ರೆ ಜೀವ ಉಳಿಯಾಕಿಲ್ಲ ಅಂತ ಡಾಕ್ಟ್ರು ಅಂದವ್ರಂತೆ.”

ಸುತ್ತಿಗೆ ಮೂಲೆಗೆ ಬಿತ್ತು. ದುರ್ಗಯ್ಯ ಚೀಲಕ್ಕೆ ಕತ್ತರಿ, ಇಕ್ಕಳ, ತಂತಿ ತುಂಬಿದ. ಒಳಗಿನಿಂದ ಹೆಂಡತಿ ಓಬಮ್ಮ ಕೂಗಿದಳು: “ಅಲ್ಲೋಗಿ ಯಾರ ಕೈಯಾಗೂ ಜಗಳ ತಗೀಬ್ಯಾಡ. ಅವರು ದೊಡ್ಡೋರು.”

“ನನ್ ಟೋಪಿ ಕೆಟ್ಟಿಲ್ಲ ಕಣೇ. ಕೆಟ್ಟಿದ್ರೆ ನನ್ ಮೀಸೆ ಬೋಳಿಸ್ಕೋತೀನಿ” ಎಂದು ದುರ್ಗಯ್ಯ ಸೈಕಲ್ ಹತ್ತಿದ.

ದಾರಿಯುದ್ದಕ್ಕೂ ಎದುರುಗಾಳಿ. ಪೆಡಲ್ ತುಳಿದಷ್ಟೂ ಸೈಕಲ್ ಹಿಂದಕ್ಕೇ ಹೋದ ಹಾಗೆ. ಪಂಚೆ ಎತ್ತಿ ಕಟ್ಟಿ ನಿಂತು ತುಳಿಯುತ್ತಿದ್ದ ದುರ್ಗಯ್ಯನಿಗೆ ಗಾಳಿಯ ಮೇಲೆ ಮಾತ್ರ ಸಿಟ್ಟು ಬರಲಿಲ್ಲ. ಉಳಿದೆಲ್ಲದರ ಮೇಲೂ ಬಂತು.

ಗಾಳಿ ಅವನ ಅನ್ನ. ಅವನ ತಾಯಿ ಭೈರಮ್ಮ ಮಂಡಕ್ಕಿ ಭಟ್ಟಿಯಲ್ಲಿ ಮರಳು ಹುರಿಯುತ್ತಿದ್ದವಳು. ಬೆಳಗಿನಿಂದ ಸಂಜೆಯವರೆಗೆ ಹೊಗೆಯೊಳಗೇ ನಿಂತು ನಿಂತು, ಕೊನೆಗೆ ಹೊರಗಿನ ಗಾಳಿಯನ್ನೂ ಎಳೆದುಕೊಳ್ಳಲಾಗದೆ ಗೋಡೆಗೆ ಒರಗಿ ಕೂತಲ್ಲೇ ಹೋದಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ತಿಪಟೂರಿನ ಸಾಬರೊಬ್ಬರ ಹತ್ತಿರ ತಗಡು ಕತ್ತರಿಸುತ್ತಿದ್ದ ದುರ್ಗಯ್ಯ ಮಣ್ಣಿಗೆ ಬಂದು ಹೋದ. ಅಲ್ಲಿಂದಾಚೆಗೆ ಯಾರ ಮನೆಯ ಅಡುಗೆಮನೆಯಿಂದ ಕೆಮ್ಮು ಕೇಳಿದರೂ ಅವನ ಕೈ ಕೆಲಸದ ಮೇಲೆ ನಿಲ್ಲುತ್ತಿರಲಿಲ್ಲ.

ಎಪ್ಪತ್ತಾರರಲ್ಲೋ ಏಳರಲ್ಲೋ ಹುಳಿಯಾರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಸ್ಸು ನಿಂತಾಗ ಬೀಡಿ ಹೊಗೆ ಒಳಗೇ ಸುತ್ತುತ್ತದೆ. ಬಸ್ಸು ಓಡಿದ ಕೂಡಲೇ, ಯಾರೂ ಊದದೆ ಯಾರೂ ಬೀಸದೆ, ಕಿಟಕಿಯಿಂದ ತಾನಾಗಿ ಹೊರಗೆ ಹೋಗುತ್ತದೆ. ಹೊರಗೆ ಸವರಿಕೊಂಡು ಹೋಗುವ ಗಾಳಿಯೇ ಒಳಗಿನದನ್ನು ಎಳೆಯುತ್ತಿದೆ ಎಂದು ಅವನಿಗೆ ಹೊಳೆದದ್ದು ಆಗ. ಮನೆ ಓಡುವುದಿಲ್ಲ, ಸರಿ. ಗಾಳಿ ಓಡುತ್ತದಲ್ಲ!

ಎಣ್ಣೆ ಡಬ್ಬ ಬಿಚ್ಚಿ, ಬಾಗಿದ ಕೊಳವೆ ಮಾಡಿ, ಸೈಕಲ್ಲಿನ ಬೇರಿಂಗಿನ ಮೇಲೆ ಕೂರಿಸಿ, ಅದಕ್ಕೊಂದು ಅಗಲ ಬಾಲ ಬೆಸೆದ. ಗಾಳಿ ಯಾವ ಕಡೆಯಿಂದ ಬಂದರೂ ಬಾಲ ತಿರುಗುತ್ತದೆ, ಬಾಲದ ಜೊತೆ ಟೋಪಿ ತಿರುಗಿ ಗಾಳಿಗೆ ಬೆನ್ನು ಕೊಡುತ್ತದೆ, ಬಾಯಿ ಆಚೆ ಕಡೆಗೆ. ಬೆನ್ನು ಸವರಿ ಹೋಗುವ ಗಾಳಿ ಬಾಯೊಳಗಿನ ಹೊಗೆಯನ್ನು ಸೆಳೆದುಕೊಂಡು ಹೋಗುತ್ತದೆ. ಮೊದಲನೆಯದನ್ನು ಸ್ವಂತ ಸೂರಿನ ಮೇಲೆ ಇಟ್ಟಾಗ ಓಬಮ್ಮ ಬೀದಿಯಲ್ಲಿ ನಿಂತು ನಕ್ಕಿದ್ದಳು: “ಮನೆ ಮ್ಯಾಲೆ ಹುಂಜ ಕೂರ್ಸವ್ನೆ ನನ್ ಗಂಡ.” ಸಂಜೆ ಒಲೆ ಹಚ್ಚಿದ ಮೇಲೆ ನಗಲಿಲ್ಲ. ಸುಮ್ಮನೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಲು ನೀರೇ ಇರಲಿಲ್ಲ.

ಈಚೆಗೆ ಸರ್ಕಾರದವರು ಊರೂರಲ್ಲಿ ಹೊಗೆಯಿಲ್ಲದ ಒಲೆ ಹಾಕಿಸಿದರು. ಸಿಮೆಂಟ್ ಪೈಪನ್ನು ಸೂರಿನ ಮೇಲಕ್ಕೆ ಬಿಟ್ಟರು. ಆಷಾಢದ ಗಾಳಿ ಪೈಪಿನ ಬಾಯಿಗೇ ಹೊಡೆದು ಹೊಗೆಯನ್ನು ವಾಪಸ್ಸು ಒಲೆಗೆ ತಳ್ಳಿತು. ಆಗ ಜನ ದುರ್ಗಯ್ಯನನ್ನು ಹುಡುಕಿಕೊಂಡು ಬಂದರು. ಮರುಳಸಿದ್ದಯ್ಯ ಬಂದದ್ದೂ ಹಾಗೇ. ಯುಗಾದಿ ಕಳೆದ ಮೇಲೆ ದುರ್ಗಯ್ಯ ಅಲ್ಲಿಗೆ ಹೋಗಿ, ಹೊರಗಿನಿಂದಲೇ ಏಣಿ ಹಾಕಿ ಟೋಪಿ ಕೂರಿಸಿ ಬಂದಿದ್ದ. ಆ ಮನೆಯ ಜಗಲಿ ದಾಟುವ ಹಾಗಿರಲಿಲ್ಲ ಅವನು. ಒಲೆ ಹೇಗಿದೆ, ಪೈಪು ಹೇಗೆ ಬಂದಿದೆ ಎಂಬುದನ್ನು ಅವನು ಕಂಡವನಲ್ಲ.

ಶೆಟ್ಟಿಕೆರೆಯ ಆ ಮನೆಯ ಹಿತ್ತಿಲಿಗೆ ಬಂದಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮಗ ಬಸವರಾಜಪ್ಪ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೋಗಿದ್ದ. ಮರುಳಸಿದ್ದಯ್ಯ ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ದ್ರಾಕ್ಷಾಯಣಮ್ಮ.

“ಬಂದ್ಯಾ? ಕಿತ್ಕೋ ಅದನ್ನ” ಎಂದರು ಮರುಳಸಿದ್ದಯ್ಯ.

“ನೋಡ್ದೆ ಕೀಳಾಕಿಲ್ಲ ಯಜಮಾನ್ರೆ.”

“ನೋಡಾದೇನೋ? ಅಡುಗೆಮನೆ ಸುಣ್ಣದ ಗೂಡಾಗೈತೆ. ಕೇಳಿಸ್ತಿಲ್ವೇನೋ?”

ಕೇಳಿಸುತ್ತಿತ್ತು. ಮುಚ್ಚಿದ ಅಡುಗೆಮನೆಯ ಬಾಗಿಲಾಚೆಯಿಂದ ಹರಿದ ತಿದಿ ಒತ್ತಿದಂತೆ ಒಂದು ಸದ್ದು. ಎಳೆದುಕೊಳ್ಳುವುದು ಉದ್ದ, ಬಿಡುವುದು ಇನ್ನೂ ಉದ್ದ. ದುರ್ಗಯ್ಯನಿಗೆ ಆ ಸದ್ದಿನ ಗುರುತಿತ್ತು.

“ಬಾಗ್ಲು ತೆಗ್ಸಿ ಅವ್ವಾರನ್ನ ಈಚೆಗೆ ಕರೀರಿ ಮೊದ್ಲು!”

“ಗಾಳಿಗೆ ಬಾಗ್ಲು ನಿಲ್ಲಾಕಿಲ್ಲ, ಬೂದಿ ಎಲ್ಲಾ ಎಸರಿಗೆ ಬೀಳ್ತದೆ ಅಂತ ಅವಳೇ ಚಿಲಕ ಹಾಕ್ಕೊಂಡವ್ಳೆ” ಎಂದರು ದ್ರಾಕ್ಷಾಯಣಮ್ಮ. “ಅನ್ನ ಇಳ್ಸಿ ಬತ್ತೀನಿ ಅಂದ್ಲು. ನಿನ್ ಟೋಪಿ ಬಂದಾಗ್ಲಿಂದ್ಲೂ ನಮ್ಗೆ ಸುಖ ಇಲ್ಲ ಕಣೋ. ಮೊದ್ಲು ಹೊಗೆ ಎಲ್ಲಾ ಊರ ಮ್ಯಾಲೆ ಬುಡ್ತು. ಅಟ್ಟದಾಗೆ ಎಂಟು ಸಾವಿರ ಕಾಯಿ ಅವೆ. ದಿನಾ ಒಂದು ಅಲ್ಲಾಡ್ಸಿ ನೋಡ್ತೀನಿ, ಒಂದೂ ಸದ್ದು ಮಾಡಾಕಿಲ್ಲ. ಹೊಗೆ ತಾಕ್ದೆ ಕಾಯಿ ಹೆಂಗೋ ಒಣಗ್ತದೆ? ಈಗ ಹೊಗೆ ಒಳಗೇ ತುಂಬ್ತಾ ಐತೆ. ಎರಡಕ್ಕೂ ಕೆಟ್ಟಿದ್ದು.”

ಆ ಸೀಮೆಯ ಎಲ್ಲರ ಮನೆಯಲ್ಲೂ ಹಾಗೇ. ಒಲೆಯ ಮೇಲಿನ ಅಟ್ಟದಲ್ಲಿ ಸಿಪ್ಪೆ ಸಮೇತ ಕಾಯಿ ಒಟ್ಟಿ, ವರ್ಷಗಟ್ಟಲೆ ಕೆಳಗಿನ ಹೊಗೆ, ಕಾವು ತಾಕಿಸುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟರೆ, ಅಲ್ಲಾಡಿಸಿದಾಗ ಗಟಗಟ ಎನ್ನುತ್ತದೆ.

ದುರ್ಗಯ್ಯ ಏಣಿ ಹತ್ತಿದ. ಹೆಂಚಿನ ಮೇಲೆ ನಿಂತರೆ ಗಾಳಿ ಎತ್ತಿ ಎಸೆಯುವಂತಿತ್ತು. ಕೂತು ತೆವಳಿಕೊಂಡು ಪೈಪಿನ ಹತ್ತಿರ ಹೋದ. ಟೋಪಿ ಸರಿಯಾಗಿ ತಿರುಗುತ್ತಿತ್ತು. ಬೆನ್ನು ಗಾಳಿಗೆ, ಬಾಯಿ ಆಚೆಗೆ. ಆದರೆ ಬಾಯಿಂದ ಒಂದೆಳೆ ಹೊಗೆ ಇಲ್ಲ. ಹೊಗೆ ಬರುತ್ತಿದ್ದದ್ದು ಹೆಂಚಿನ ಸಂದಿಗಳಿಂದ, ಅದೂ ಗಾಳಿ ತಗ್ಗಿದಾಗ ಮಾತ್ರ. ಗಾಳಿ ಬೀಸಿದೊಡನೆ ಮತ್ತೆ ಒಳಕ್ಕೆ ಹೋಗುತ್ತಿತ್ತು.

ಪೈಪಿನ ಮೇಲೆ ಅಂಗೈ ಇಟ್ಟ. ಕೆಳಗೆ ಒಲೆ ಉರಿಯುತ್ತಿದೆ, ಪೈಪು ತಣ್ಣಗಿದೆ.

“ಯಜಮಾನ್ರೆ! ಪೈಪಿಗೆ ಯಾರೋ ಏನೋ ತುರುಕವ್ರೆ!”

“ಲೇ, ನಿನ್ ಕೆಲ್ಸ ಕೆಟ್ರೆ ನಮ್ ಮ್ಯಾಲೆ ಹಾಕ್ತೀಯೇನ್ಲಾ?”

“ನನ್ ಕೆಲ್ಸ ಕೆಟ್ಟಿಲ್ಲಾ! ಯಾವನೋ ಬುದ್ಧಿಗೇಡಿ...”

ಮಾತು ಅಲ್ಲೇ ನಿಂತಿತು. ಕೆಳಗಿನಿಂದ ಪಾತ್ರೆ ಉರುಳಿದ ಸದ್ದು. ಆಮೇಲೆ ಧೊಪ್ಪೆಂದು ಇನ್ನೊಂದು. ತಿದಿಯ ಸದ್ದು ನಿಂತುಹೋಯಿತು.

“ಮಂಗಳಾ! ಏ ಮಂಗಳಾ! ಚಿಲಕ ತೆಗಿಯೇ!” ದ್ರಾಕ್ಷಾಯಣಮ್ಮ ಬಾಗಿಲು ಬಡಿಯತೊಡಗಿದರು. ಮರುಳಸಿದ್ದಯ್ಯ ಭುಜ ಕೊಟ್ಟು ಗುದ್ದಿದರು. ಹಳೇ ಕಾಲದ ಹಲಸಿನ ಬಾಗಿಲು, ಅಲುಗಲಿಲ್ಲ.

ದುರ್ಗಯ್ಯ ಹೆಂಚು ಕಿತ್ತ. ಒಂದು, ಎರಡು, ನಾಲ್ಕು. ರೀಪಿಗೆ ಕಾಲು ಕೊಟ್ಟು ಮುರಿದು ಒಳಗೆ ಧುಮುಕಿದ. ಕಾಯಿಗಳ ಮೇಲೆ ಬಿದ್ದ, ಕಾಯಿಗಳು ಜಾರಿದವು, ಮೊಣಕಾಲು ತರಚಿತು. ಕಣ್ಣು ಬಿಡಲಾಗದ ಹೊಗೆ. ಪಂಚೆಯ ಚುಂಗು ಮೂಗಿಗೆ ಒತ್ತಿಕೊಂಡು, ಕೈಯಿಂದ ತಡಕಾಡಿ ಪೈಪು ಹಿಡಿದ. ಮಸಿ ತೆಗೆಯಲೆಂದು ಅಟ್ಟದಲ್ಲಿ ಪೈಪಿಗೊಂದು ಕಿಂಡಿ ಬಿಟ್ಟಿದ್ದರು. ಅದರ ಮುಚ್ಚಳ ತೆಗೆದಿತ್ತು. ಒಲೆಯ ಹೊಗೆಯೆಲ್ಲ ಅಲ್ಲಿಂದಲೇ ಬುಸುಗುಡುತ್ತಿತ್ತು. ಕಿಂಡಿಯೊಳಗೆ ಕೈ ಹಾಕಿ ಮೇಲಕ್ಕೆ ತಡವಿದ. ಬಟ್ಟೆ ಸಿಕ್ಕಿತು. ಎಳೆದ. ಗಟ್ಟಿಯಾಗಿ ಸುತ್ತಿ ತುರುಕಿದ ಹಸಿರು ಸೀರೆಯ ತುಂಡು, ಮೊಳದ ಮೇಲೆ ಮೊಳ ಬಂತು.

ಕೊನೆಯ ತುದಿ ಹೊರಬಿದ್ದ ಕ್ಷಣ ಪೈಪು ಹೂಂಕರಿಸಿತು. ಕಿಂಡಿಯಿಂದ ಹೊರಬರುತ್ತಿದ್ದ ಹೊಗೆ ತಿರುಗಿ ಒಳಕ್ಕೆ ಹೋಯಿತು. ದುರ್ಗಯ್ಯ ಮುಚ್ಚಳ ಒತ್ತಿ ಕೂರಿಸಿ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಟ್ಟದ ಬಾಯಲ್ಲಿದ್ದ ಏಣಿಯಿಂದ ಕೆಳಗಿಳಿದ.

ಸರ್ವಮಂಗಳ ಬಾಗಿಲ ಬುಡದಲ್ಲಿ ಬಿದ್ದಿದ್ದಳು. ಚಿಲಕದ ಕಡೆಗೆ ಚಾಚಿದ ಕೈ ಹಾಗೇ ಇತ್ತು. ತುಟಿ ನೇರಳೆ ಬಣ್ಣ. ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸು, ಎತ್ತಿ ಕೂರಿಸಿದರೆ ಒಣ ಗರಿಯಷ್ಟು ಹಗುರ. ಕಣ್ಣು ಬಿಟ್ಟಳು. ಅವನ ಹೆಗಲ ಮೇಲಿದ್ದ ಹಸಿರು ಬಟ್ಟೆ ಕಂಡು ಅವನ ಅಂಗಿಯನ್ನು ಹಿಡಿದುಕೊಂಡಳು.

“ಅತ್ತೆಗೆ... ಹೇಳ್ಬ್ಯಾಡಿ. ಕಾಯಿ ಕೆಟ್ರೆ... ನನ್ನಿಂದ್ಲೇ ಅಂತಾರೆ... ನಾನೇ... ತುರುಕಿದ್ದು.”

ಅವಳು ಬಟ್ಟೆ ತುರುಕಿದ್ದು ಗಾಳಿಯಿಲ್ಲದ ದಿನ, ಆಗ ಹೊಗೆ ಕಾಯಿಗೆ ತಾಕಿಕೊಂಡು ಅಟ್ಟದಲ್ಲೇ ನಿಂತಿತ್ತು. ಆಷಾಢದ ಗಾಳಿ ಅದನ್ನು ಹೆಂಚಿನಿಂದ ಒತ್ತಿ ತನ್ನ ಮೇಲೇ ಇಳಿಸುತ್ತದೆಂದು ಈ ಹುಡುಗಿಗೆ ಹೇಗೆ ಗೊತ್ತಾಗಬೇಕು?

ದುರ್ಗಯ್ಯ ಬಟ್ಟೆಯನ್ನು ಮುದ್ದೆ ಮಾಡಿ ಅಂಗಿಯೊಳಗೆ ತುರುಕಿಕೊಂಡ. ಆಮೇಲೆ ಚಿಲಕ ತೆಗೆದ.

ಬಾಗಿಲು ತೆರೆದಾಗ ದ್ರಾಕ್ಷಾಯಣಮ್ಮನ ಕಣ್ಣು ಮೊದಲು ಬಿದ್ದದ್ದು ಅವರ ಅಡುಗೆಮನೆಯ ನೆಲದ ಮೇಲೆ ನಿಂತಿದ್ದ ಅವನ ಪಾದಗಳ ಮೇಲೆ. ಆಮೇಲೆ ಸೊಸೆಯ ಮೇಲೆ. ಅತ್ತೆ ಮಾವ ಇಬ್ಬರೂ ಸೇರಿ ಅವಳನ್ನು ಹಿತ್ತಿಲ ಕಟ್ಟೆಗೆ ತಂದು ಕೂರಿಸಿದರು. ಆಂಜನಪ್ಪ ಡಾಕ್ಟರು ಕೊಟ್ಟಿದ್ದ ಮಾತ್ರೆ ತಂದ. ಎಲ್ಲರೂ ಅವಳ ಎದೆಯನ್ನೇ ನೋಡುತ್ತಿದ್ದರು. ಏರಿತು, ನಿಂತಿತು, ಇಳಿಯಿತು. ಬಹಳ ಹೊತ್ತಿನ ಮೇಲೆ ತುಟಿಗೆ ಬಣ್ಣ ಬಂತು. ಸೂರಿನ ಮೇಲೆ ಟೋಪಿಯ ಬಾಯಿಂದ ದಪ್ಪ ಹೊಗೆ ತೆಂಗಿನ ಗರಿಗಳ ಮೇಲೆ ಹಾಯ್ದು ಹೋಗುತ್ತಿತ್ತು.

“ಏನಾಗಿತ್ತೋ?” ಮರುಳಸಿದ್ದಯ್ಯ ಕೇಳಿದರು.

ದುರ್ಗಯ್ಯನ ನಾಲಿಗೆಯ ತುದಿಯಲ್ಲಿ ಹತ್ತು ಮಾತು ಕುದಿಯುತ್ತಿದ್ದವು. ದಿನಾ ಒಂದು ಕಾಯಿ ಅಲ್ಲಾಡಿಸಿ ಈ ಹುಡುಗಿಯ ಜೀವ ಅಲ್ಲಾಡಿಸಿದಿರಲ್ಲ ಎಂದು ಕೂಗಬೇಕೆನಿಸಿತು. ಸರ್ವಮಂಗಳ ತಲೆ ತಗ್ಗಿಸಿ ಕೂತಿದ್ದಳು. ಅಂಗಿಯೊಳಗಿನ ಬಟ್ಟೆ ಹೊಟ್ಟೆಗೆ ಇನ್ನೂ ಬಿಸಿ ತಾಕುತ್ತಿತ್ತು.

“ಟೋಪಿ ಕತ್ತು ಸಣ್ಣ ಮಾಡ್ಬುಟ್ಟಿದ್ದೆ. ಮಸಿ ಕಟ್ಕಂಡಿತ್ತು. ತಪ್ಪು ನಂದೇ” ಎಂದ.

“ಮತ್ತೆ ಯಾರೋ ತುರುಕವ್ರೆ ಅಂತ ಮ್ಯಾಲೆ ನಿಂತು ಬಾಯಿ ಬಡ್ಕಂತಿದ್ದೆ?”

“ಬಾಯಿ ತಪ್ಪಿ ಬಂತು.”

“ಮೀಸೆ ಬೋಳಿಸ್ಕೋತೀನಿ ಅಂದಿದ್ದೆ ಕಣಣ್ಣ” ಎಂದ ಆಂಜನಪ್ಪ, ಮೆಲ್ಲಗೆ. ದುರ್ಗಯ್ಯ ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಸರಿದ.

“ಕತ್ತು ಬಿಚ್ಚಿ ದೊಡ್ಡದು ಮಾಡ್ತೀನಿ. ಆ ತಪ್ಪಿಗೆ ಇನ್ನೊಂದು ಟೋಪಿ ಮಾಡಿ, ಹೆಂಚು ಕಿತ್ತ ಜಾಗದಾಗೆ ಅಟ್ಟಕ್ಕೇ ಕೂರಿಸ್ತೀನಿ. ಅಟ್ಟದ ಹಸಿ ಗಾಳಿನೆಲ್ಲ ಅದು ಎಳ್ದು ಹಾಕ್ತದೆ. ಕಾಯಿಗೆ ಹೊಗೆ ಬ್ಯಾಡ ಅಮ್ಮಾವ್ರೆ, ಒಣ ಗಾಳಿ ಆಡಿದ್ರೆ ಸಾಕು. ಕಾರ್ತೀಕದೊಳಗೆ ಕಾಯಿ ಸದ್ದು ಮಾಡ್ದೆ ಹೋದ್ರೆ ಎರಡೂ ಟೋಪಿ ನಾನೇ ಕಿತ್ಕಂಡು ಹೋಯ್ತೀನಿ. ಅಲ್ಲಿವರ್ಗೂ ಅವ್ವಾರಿಗೆ ಕಾಯಿ ಮಾತು ಯಾರೂ ಎತ್ಬ್ಯಾಡಿ.”

ಹೇಳುವಾಗ ಧೈರ್ಯವಾಗಿ ಹೇಳಿದ. ಕಾಯಿ ಒಣಗುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಹೊಗೆಯಿಲ್ಲದೆ ಯಾರೂ ಒಣಗಿಸಿದ್ದನ್ನು ಅವನು ಕಂಡಿರಲಿಲ್ಲ. ಒಣಗದಿದ್ದರೆ ಪೈಪಿನ ಬಾಯಿಗೆ ಮತ್ತೊಂದು ಸೀರೆ ಹೋಗುತ್ತದೆ, ಆಗ ಚಿಲಕ ತೆಗೆಯಲು ತಾನು ಅಲ್ಲಿರುವುದಿಲ್ಲ.

ಆ ನಾಲ್ಕು ತಿಂಗಳು ಅವನಿಗೆ ನಿದ್ದೆ ಸರಿಯಿರಲಿಲ್ಲ. ಸುದ್ದಿ ಅವನಿಗಿಂತ ಮುಂಚೆ ಊರು ಮುಟ್ಟಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುವವರು ಕೇಳುತ್ತಿದ್ದರು: “ಏನ್ಲಾ ದುರ್ಗ, ಹೆಂಗುಸ್ನ ಕೊಂದೇ ಬುಡ್ತಿದ್ದಂತಲ್ಲ ನಿನ್ ಟೋಪಿ?” ಮೊದಲಾಗಿದ್ದರೆ ಟೀ ಲೋಟ ಹಾರಿರುತ್ತಿತ್ತು. ದುರ್ಗಯ್ಯ ಮೀಸೆ ಬೋಳಿಸಿಕೊಂಡ ಮುಖ ತಗ್ಗಿಸಿ ತಗಡು ಕತ್ತರಿಸಿದ. ಟೋಪಿ ಮಾಡಿಸಲು ಬರುವವರು ನಿಂತರು. ಮತ್ತೆ ಕೊಳಗ, ಲಾಳಿಕೆ, ಸೀಮೆಎಣ್ಣೆ ಬುಡ್ಡಿ. ಓಬಮ್ಮ ಒಂದೇ ಸಲ ಕೇಳಿದಳು: “ಕತ್ತು ಸಣ್ಣ ಮಾಡಿದ್ಯಾ ನೀನು? ನಿಜ್ವಾಗ್ಲೂ?” ಅವನು ತಗಡಿನ ಅಂಚು ಮಡಚುತ್ತಲೇ ಇದ್ದ. ತಗಡಿನ ಪೆಟ್ಟಿಗೆಯ ತಳದಲ್ಲಿ ಮಸಿ ಹಿಡಿದ ಹಸಿರು ಬಟ್ಟೆ ಕಂಡಾಗ ಅವಳು ಅದನ್ನು ಮಡಚಿ ಮತ್ತೆ ಅಲ್ಲೇ ಇಟ್ಟಳು.

ಕಾರ್ತೀಕದ ಮೂರನೇ ಸೋಮವಾರ ಮರುಳಸಿದ್ದಯ್ಯ ಬಸ್ಸಿಳಿದು ನೆಟ್ಟಗೆ ಅಂಗಡಿಗೆ ಬಂದರು. ಚೀಲದಿಂದ ಒಂದು ಕಾಯಿ ತೆಗೆದು ಬಡಿಗಲ್ಲಿನ ಪಕ್ಕ ಇಟ್ಟರು.

“ಅಲ್ಲಾಡ್ಸು.”

ದುರ್ಗಯ್ಯ ಕೈ ಒರೆಸಿಕೊಂಡ. ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದ. ಅಲ್ಲಾಡಿಸಿದ.

ಗಟಗಟ.

“ಎಲ್ಲಾನೂ ಹಿಂಗೇ ಅಂತೇನಿಲ್ಲ. ಮೂಲೆವು ಇನ್ನೂ ಹಸಿ ಅವೆ” ಎಂದರು ಮರುಳಸಿದ್ದಯ್ಯ. “ಆವತ್ತು ನಿನ್ ಪೈಪು ಕಟ್ಕಳ್ದಿದ್ರೆ ಈ ಎರಡ್ನೇ ಟೋಪಿನೂ ಆಯ್ತಿರ್ಲಿಲ್ಲ ಬುಡು. ಕೆಲ್ಸ ಮಾಡುವಾಗ ಗ್ಯಾನ ಇಟ್ಕಂಡು ಮಾಡ್ಬೇಕು ಕಣ್ಲಾ.”

ದುರ್ಗಯ್ಯ ತಗಡಿನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ಉಸಿರು ಎಳೆದು ಬಿಟ್ಟ.

“ಅವ್ವಾರು ಹೆಂಗವ್ರೆ?”

“ಅವಳಾ? ಬೆಳಗ್ಗೆ ಒಲೆ ಮುಂದೆ ಕುಂತು ರಾಗ ಎಳೀತಾಳೆ. ನಮ್ಮಾಕೆಗೆ ಅದೇ ಈಗ ಹೊಸ ಗೋಳು. ಉಸ್ರು ಬಂತು ಅಂತ ಬಾಯೇ ಮುಚ್ಚಾಕಿಲ್ಲ ಅಂತಾಳೆ.”

ದುರ್ಗಯ್ಯ ಕಾಯಿಯನ್ನು ಇನ್ನೊಂದು ಸಲ ಅಲ್ಲಾಡಿಸಿ, ಪೆಟ್ಟಿಗೆಯೊಳಗೆ ಹಸಿರು ಬಟ್ಟೆಯ ಮೇಲೆ ಇಟ್ಟು ಮುಚ್ಚಳ ಹಾಕಿದ.