ಅಪ್ಪನ ಬೆಳ್ಳಿ ಉಡಿದಾರ

ಅಪ್ಪ ತೀರಿಕೊಂಡ ಮೇಲೆ ಅವನ ಬೆಳ್ಳಿ ಉಡಿದಾರ ನನ್ನ ಪಾಲಿಗೆ ಬಂತು. ಸೊಂಟಕ್ಕೆ ಸುತ್ತಿ ನೋಡಿದೆ. ಕೊಂಡಿ ಸೇರಲು ಇನ್ನೂ ಒಂದು ಗೇಣು ಬೇಕಿತ್ತು. ಅಪ್ಪ ಹೊತ್ತಿಗೆ ಎರಡು ಮುದ್ದೆ ಉಂಡು ದಿನವಿಡೀ ಕಬ್ಬಿನ ಗದ್ದೆಯಲ್ಲಿ ಬೆವರುತ್ತಿದ್ದ. ನಾನೂ ಎರಡೇ ಉಣ್ಣುತ್ತಿದ್ದೆ, ಆದರೆ ಮದ್ದೂರಿನ ಕಚೇರಿಯಲ್ಲಿ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಐವತ್ತೆರಡನೇ ವಯಸ್ಸಿಗೇ ಏನು ಮಾಡಿದರೂ ಸುಸ್ತು. ಮಂಡ್ಯದ ಡಾಕ್ಟರು ರಕ್ತದ ವರದಿ ನೋಡಿ, ಗಂಡಸಿನ ಹಾರ್ಮೋನು ಕಡಿಮೆಯಾಗಿದೆ, ಮೊದಲು ಹೊಟ್ಟೆ ಇಳಿಸಿ, ಔಷಧಿಯ ಮಾತು ಆಮೇಲೆ ಎಂದರು. ಇಬ್ಬರು ಮಕ್ಕಳ ತಂದೆಗೆ ಹೇಳುವ ಮಾತೇ ಇದು ಎಂದು ಸಿಟ್ಟು ಬಂತು. ಹೆಂಡತಿಗೂ ಹೇಳಲಿಲ್ಲ, ಅವ್ವನಿಗಂತೂ ಇಲ್ಲವೇ ಇಲ್ಲ. ಮರುದಿನದಿಂದ ನಾಲೆಯ ಏರಿಯ ಮೇಲೆ ನಡೆಯತೊಡಗಿದೆ. ಹಸಿವಿಲ್ಲವೆಂದು ಸುಳ್ಳು ಹೇಳಿ ಒಂದೇ ಮುದ್ದೆಗೆ ಇಳಿದೆ.

ವರ್ಷ ತುಂಬಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೊಂಡಿ ಕೂತಿತು. ಒಳಗೆ ಬೆರಳು ತೂರುವಷ್ಟು ಸಡಿಲವೂ ಇತ್ತು. ಪಂಚೆ ಉಟ್ಟು ಹೆಮ್ಮೆಯಿಂದ ಪಡಸಾಲೆಗೆ ಬಂದು ಅವ್ವನಿಗೆ ತೋರಿಸಿದೆ. ಅವಳು ಉಡಿದಾರದೊಳಗೆ ಬೆರಳು ತೂರಿಸಿ ನನ್ನ ಮುಖವನ್ನೇ ನೋಡಿದಳು.

"ಏನ್ಲಾ ಆಗಿರೋದು ನಿಂಗೆ? ದಿಟ ಯೋಳು. ನಿಮ್ಮಪ್ಪಂಗೂ ಮೊದ್ಲು ಇದೇ ಸಡ್ಲ ಆಗಿದ್ದು ಕಣ್ಲಾ. ಆಸ್ಪತ್ರೆ ಸೇರಿದ್ದು ಆಮ್ಯಾಕೆ."

"ಏನೂ ಇಲ್ಲ ಕಣವ್ವ, ನಡ್ದು ನಡ್ದು ಇಳ್ಸಿರೋದು," ಎಂದೆ.

ಅವಳು ನಂಬಲಿಲ್ಲ. ಆ ಮಧ್ಯಾಹ್ನ ಕೇಳದೆಯೇ ನನ್ನ ತಟ್ಟೆಗೆ ಎರಡನೇ ಮುದ್ದೆ ಇಟ್ಟು, ನಾನು ಉಂಡು ಮುಗಿಸುವವರೆಗೂ ಎದುರಿಗೇ ಕೂತಿದ್ದಳು.